ಜಪಾನಿನ ಗೆರೆ, ಯುರೋಪಿನ ಬಣ್ಣ, ರತ್ನಾಳ ಹಣೆ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದು ಖಾಲಿ ಹಣೆ.

ಪರದೇಶದ ಓಕ್‌ವಿಲ್ ಊರಿನಲ್ಲಿ ನೆಲೆಸಿದ ಶ್ರೀಕಂಠ ಜೀವಮಾನವಿಡೀ ಕಾರುಗಳ ಬಂಪರಿನ ನಕ್ಷೆ ಬರೆದು ನಿವೃತ್ತನಾದವನು. ಈಚೆಗೆ ಅವನಿಗೆ ಚಿತ್ರಕಲೆಯ ಹುಚ್ಚು. ಅದೂ ಸಾದಾ ಹುಚ್ಚಲ್ಲ. ಜಪಾನಿನ ಮಸಿಗೆರೆ, ಯುರೋಪಿನ ತೈಲವರ್ಣ ಎರಡೂ ಒಂದೇ ಮುಖದಲ್ಲಿ ಕೂಡಬೇಕಂತೆ! ಹೆಂಡತಿ ರತ್ನಾಳನ್ನು ವಾರಗಟ್ಟಲೆ ಬೇಸ್‌ಮೆಂಟಿನಲ್ಲಿ ಕೂರಿಸಿ ಬರೆದ. ಮುಖ ಹಾಲಿನ ಬಿಳುಪು, ಹಣೆ ಬೋಳು, ಸುತ್ತಮುತ್ತ ಏನೂ ಇಲ್ಲ. ಅಂದು ಸಂಜೆಯೊಳಗೆ ಅದನ್ನು ಪ್ರದರ್ಶನಕ್ಕೆಂದು ಗ್ಯಾಲರಿಗೆ ಒಪ್ಪಿಸಬೇಕಿತ್ತು. ಆಯ್ಕೆಯಾದರೆ ಗೋಡೆಯ ಮೇಲೆ ಅವನ ಹೆಸರು! ಬಂಪರಿನ ಮೇಲೆ ಯಾರು ತಾನೇ ಬರೆದಿದ್ದರು, ಪಾಪ.

ಅಷ್ಟರಲ್ಲಿ ಪಕ್ಕದ ಮನೆಯ ರಾಜೇಶ್ವರಿ, ಎದುರುಮನೆಯ ಸಿವಿಲ್ ಎಂಜಿನಿಯರ್ ಪುಟ್ಟಸ್ವಾಮಿ ಚಿತ್ರ ನೋಡಲು ಬಂದಿಳಿದರು.

"ಅಯ್ಯಯ್ಯೋ! ಮುತ್ತೈದೆ ಹಣೆ ಹೀಗೆ ಬಿಡೋದಾ?" ಎಂದರು ರಾಜೇಶ್ವರಿ.

"ಅದು ಮಾಡರ್ನಿಸಮ್ಮು ಮೇಡಂ," ಎಂದ ಶ್ರೀಕಂಠ.

"ಯಾವ ಇಸಮ್ಮಾದ್ರೂ ಇರ್ಲಿ, ಕುಂಕುಮ ಏನ್ ಮಾಡ್ತು ನಿಮಗೆ?"

ಪುಟ್ಟಸ್ವಾಮಿ ಬಗ್ಗಿ ನೋಡಿದರು. "ಸಾರ್, ರತ್ನಮ್ಮ ಕೂತಿರೋದು ಯಾತರ ಮೇಲೆ? ಲೋಡೆಲ್ಲ ಎಲ್ಲಿಗ್ ಹೋಗುತ್ತೆ?"

"ಖಾಲಿ ಜಾಗಾನೇ ಜಪಾನಿನ ಆತ್ಮ ಸಾರ್!"

"ಆತ್ಮಕ್ಕೆ ಕುರ್ಚಿ ಬೇಡ. ದೇಹಕ್ಕೆ ಬೇಕಲ್ವಾ?"

ತಲೆ ಚಿಟ್ಟುಹಿಡಿದು ಶ್ರೀಕಂಠ ಕಾಫಿ ತರಲು ಮೇಲೆ ಹೋದ. ಅದೇ ತಪ್ಪಾಯಿತು. ಇಳಿದು ಬರುವಷ್ಟರಲ್ಲಿ ರಾಜೇಶ್ವರಿ ಉಂಗುರದ ಬೆರಳಿನಿಂದ ಕೆಂಪು ಬಣ್ಣ ತೆಗೆದು ದುಂಡನೆಯ ಬೊಟ್ಟು ಇಟ್ಟಾಗಿತ್ತು. ಪುಟ್ಟಸ್ವಾಮಿ ಸ್ಕೇಲು ಹಿಡಿದು ಭದ್ರವಾದ ಕುರ್ಚಿಯೊಂದನ್ನು ಕಟ್ಟಿ ಮುಗಿಸಿದ್ದರು.

"ಯಾರ್ರೀ ಹೇಳಿದ್ದು ನಿಮಗೆ!" ಎಂದು ಶ್ರೀಕಂಠ ಕೂಗಿದ.

"ಯಾರಾದ್ರೂ ಹೇಳ್ಬೇಕಾ? ನಾವೇನ್ ಹೊರಗಿನೋರಾ?" ಎಂದರು ರಾಜೇಶ್ವರಿ.

ಒರೆಸಿದರೆ ಹಣೆಯೆಲ್ಲ ಕೆಂಪಾದೀತು. ಬೇರೆ ದಾರಿಯಿಲ್ಲದೆ ಇಬ್ಬರಿಗೂ ಹಿಡಿಶಾಪ ಹಾಕುತ್ತ, ಹಸಿ ಚಿತ್ರವನ್ನು ಕಾರಿನಲ್ಲಿಟ್ಟುಕೊಂಡು ಓಡಿದ.

ಗ್ಯಾಲರಿಯಲ್ಲಿ ಆಯ್ಕೆ ಮಾಡುವಾಕೆ ನೀನಾ ಚಿತ್ರದ ಮುಂದೆ ಹುಬ್ಬು ಗಂಟಿಕ್ಕಿ ನಿಂತಳು. ಕೊನೆಗೆ ಶ್ರೀಕಂಠ ತಡೆಯಲಾರದೆ ಇಂಗ್ಲಿಷಿನಲ್ಲಿ ಬಡಬಡಿಸಿದ: "ಆ ಬೊಟ್ಟು, ಆ ಕುರ್ಚಿ ನನ್ನವಲ್ಲ! ನೆರೆಯವರಾದ ರಾಜೇಶ್ವರಿ, ಪುಟ್ಟಸ್ವಾಮಿ ಗೀಚಿದ್ದು. ಮುಖ ಮಾತ್ರ ನನ್ನದು!"

ನೀನಾ ನಿಟ್ಟುಸಿರು ಬಿಟ್ಟಳು. "ಅಬ್ಬಾ, ಈಗ ಅರ್ಥವಾಯಿತು! ಆ ಬೊಟ್ಟಿನ ಕೆಂಪು ಸೂರ್ಯನಲ್ಲಿ ಇಡೀ ಜಪಾನಿದೆ. ಕುರ್ಚಿಯಲ್ಲಿ ಇಡೀ ಯುರೋಪಿದೆ. ಇಷ್ಟು ಚೆನ್ನಾಗಿ ಬೆರೆಸಿದವರು ನಡುವೆ ಮುಖವನ್ನು ಯಾಕೆ ಹೀಗೆ ಕೆಡಿಸಿದರೋ ಅಂದುಕೊಳ್ಳುತ್ತಿದ್ದೆ. ಆಯ್ಕೆ ಮಾಡಿದ್ದೇನೆ. ಕಲಾವಿದರಿಬ್ಬರನ್ನೂ ನೀವೇ ಕರೆತರುತ್ತೀರಲ್ಲ?"

ಪ್ರದರ್ಶನದ ದಿನ ಎಲ್ಲರನ್ನೂ ಬಾಗಿಲಲ್ಲಿ ಇಳಿಸಿ, ಪಾರ್ಕಿಂಗ್ ಹುಡುಕಿ ಸುಸ್ತಾಗಿ ಶ್ರೀಕಂಠ ಒಳಗೆ ಬಂದ. ರಾಜೇಶ್ವರಿ, ಪುಟ್ಟಸ್ವಾಮಿ ಫೋಟೋಗೆ ನಿಂತಿದ್ದರು. ಗೋಡೆಯ ಫಲಕದಲ್ಲಿ ಕಲಾವಿದರೆಂದು ಅವರಿಬ್ಬರ ಹೆಸರು. ಕೆಳಗೆ, ರೂಪದರ್ಶಿ: ರತ್ನಾ.

ರತ್ನಾ ಅವನ ತೋಳು ಹಿಡಿದಳು. "ಬೇಜಾರ್ ಮಾಡ್ಕೋಬೇಡಿ ರೀ. ನಮ್ಮನೇಲಿ ಒಬ್ರ ಹೆಸರಾದ್ರೂ ಗೋಡೆ ಹತ್ತಿತಲ್ಲ!"