ಹೊಲಿಗೆ ಅಕ್ಕೋರ ಮಣಿಸರ

ಅಂಕೋಲೆಯ ಮಣಿ ಅಂಗಡಿಗಳನ್ನು ಕಂಡುಹಿಡಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೆಮ್ಮೆಪಡಲು ಹೆಚ್ಚೇನೂ ಸಿಗುವುದಿಲ್ಲ!

ಆಗ ನಾನು ಕಾರವಾರದಿಂದ ಬಸ್ಸು ಹತ್ತಿ ಅಂಕೋಲೆಗೆ ಹೋಗಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದೆ. ಒಂದು ದಿನ ಕ್ಲಾಸು ಬೇಗ ಮುಗಿಯಿತು. ಪೇಟೆಯ ಒಳಗಲ್ಲಿಗೆ ನುಗ್ಗಿದರೆ ಸಾಲು ಸಾಲು ಮಣಿ ಅಂಗಡಿಗಳು! ಕರಿ, ಹಳದಿ, ಕೆಂಪು ಮಣಿಗಳ ಗೊಂಚಲು ಬಾಗಿಲ ತುಂಬ ತೂಗುತ್ತಿದ್ದವು. ಕೊರಳ ತುಂಬ ಸರ ಹಾಕಿದ ಹಾಲಕ್ಕಿ ಹೆಂಗಸರು ಮೆಟ್ಟಿಲ ಮೇಲೆ ಕೂತು ಬಣ್ಣ ಆರಿಸುತ್ತಿದ್ದರು. ಸಂಭ್ರಮ ತಡೆಯದೆ ಕಾಯಿನ್ ಫೋನಿನಿಂದ ನಮ್ಮವರಿಗೆ ಸುದ್ದಿ ಮುಟ್ಟಿಸಿದೆ.

“ಮಣಿ ಅಂಗಡಿ ಕಂಡುಹಿಡಿದೆ!”

“ಯಾಕೆ, ಕಳೆದು ಹೋಗಿತ್ತಾ?” ಅಂದರು.

ಮುಂದಿನ ವಾರ ಹಣಕೋಣದಲ್ಲಿ ನಾದಿನಿಯ ಮದುವೆ. ಅಲ್ಲಿ ನಮ್ಮ ಅತ್ತೆಯ ಬಾಯಿಂದ ಒಂದೇ ಒಂದು ಸಲ ‘ಚಲೋ’ ಅನ್ನಿಸಿಕೊಳ್ಳಬೇಕು ಎಂಬುದು ನನ್ನ ಬಹುಕಾಲದ ಹಟ. ಮದುವೆಯಾದ ಹೊಸತರಲ್ಲಿ ನಾನು ಹೊಲಿದುಕೊಟ್ಟ ರವಿಕೆಯನ್ನು ಅವರು ದಿಂಬಿಗೆ ಹಾಕಿದ್ದರು. ದಿಂಬಿಗೆ ಅಳತೆ ಸರಿಯಾಗಿತ್ತು! ಈ ಸಲ ಮನೆಯ ಹೆಂಗಸರಿಗೆಲ್ಲ ಮಣಿಸರ ಮಾಡಿಕೊಡುವುದೆಂದು ಘೋಷಿಸಿಯೇ ಬಿಟ್ಟೆ.

“ಗಟ್ಟಿ ದಾರ ಬೇಡ್ವಾ ಅಕ್ಕೋರೆ? ಇದು ಬರೇ...” ಎಂದು ಮಣಿ ಕಟ್ಟಿಕೊಡುತ್ತ ಅಂಗಡಿಯವರು ಬಾಯಿ ತೆರೆದರು.

“ಹೊಲಿಗೆ ಅಕ್ಕೋರಿಗೇ ದಾರ ಮಾರ್ತೀರಾ?” ಎಂದು ನಾನು ಆ ಬಾಯಿ ಮುಚ್ಚಿಸಿದೆ.

ಮಣಿಗಳನ್ನು ಅಂಗಡಿಯಲ್ಲೇ ದಾರಕ್ಕೆ ಎಳೆ ಎಳೆಯಾಗಿ ಪೋಣಿಸಿಟ್ಟಿದ್ದರು. ಮತ್ತೇನು ಕೆಲಸ? ತುದಿಗೆ ಮಶಿನ್ ದಾರದ ಗಂಟು, ಒಂದು ಕೊಕ್ಕೆ. ಮುಗಿಯಿತು!

“ಒಂದು ಸಲ ಎಳೆದು ನೋಡಲಾ?” ಅಂದರು ನಮ್ಮವರು.

“ಮುಟ್ಟಬೇಡಿ! ನಿಮ್ಮದು ಒರಟು ಕೈ.”

ಮದುವೆಯ ಹಿಂದಿನ ದಿನ ಎಲ್ಲರಿಗೂ ಹಂಚಿದೆ. ಮದುವೆಯ ಬೆಳಿಗ್ಗೆ ಅತ್ತೆ ತಮ್ಮ ಸರ ಸವರಿಕೊಂಡು, “ಚಲೋ ಕಾಣ್ತದೆ” ಅಂದರು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ!

ಆ ಉತ್ಸಾಹದಲ್ಲೇ ಪಾಯಸ ಬಡಿಸಲು ಬಗ್ಗಿದೆ. ನನ್ನ ಸರ ಹರಿದು ಪಾಯಸಕ್ಕೂ ನೆಲಕ್ಕೂ ಸರ್ರನೆ ಸುರಿಯಿತು. ಮದುಮಗನ ಸೋದರಮಾವ ಒಂದು ತುತ್ತು ಬಾಯಿಗಿಟ್ಟರು. ಕಟಕ್!

“ನಿಮ್ಮ ಕಡೆ ಪಾಯಸಕ್ಕೂ ಸಾಸಿವೆ ಒಗ್ಗರಣೆ ಹಾಕ್ತಾರಾ?”

ಮಣಿ ಆರಿಸಲು ಚಿಕ್ಕತ್ತೆ ಓಡಿಬಂದು ಬಗ್ಗಿದರು. ಅವರದ್ದೂ ಸುರಿಯಿತು. ಅವರಿಗೆ ನೆರವಾಗಲು ಬಗ್ಗಿದ ಓರಗಿತ್ತಿಯದ್ದೂ! ಮನೆತನದ ಹೆಂಗಸರೆಲ್ಲ ಬಗ್ಗಿದರು, ಎಲ್ಲರದ್ದೂ ಸುರಿಯಿತು. ಸಾರು ತರುತ್ತಿದ್ದ ಮೈದುನ ಮಣಿಗಳ ಮೇಲೆ ಕಾಲಿಟ್ಟು, ಜಾರಿಕೊಂಡು ಬಂದು, ನೇರವಾಗಿ ಬೀಗರ ಪಂಕ್ತಿಯಲ್ಲೇ ಕೂತ. ಅವನ ಮುಂದೆ ಯಾರೋ ಎಲೆ ಹಾಕಿದರು!

ನಮ್ಮವರು ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು: “ಈಗ ಎಳೆದು ನೋಡಲಾ?”

ನಾಚಿಕೆಯಿಂದ ಅಡುಗೆಮನೆ ಸೇರಿದೆ. ಅಷ್ಟರಲ್ಲಿ ಅತ್ತೆ ಒಳಗೆ ಬಂದರು. ಅವರ ಕೊರಳ ಸರ ಮಾತ್ರ ಗಟ್ಟಿಯಾಗಿತ್ತು! ನನಗೆ ಹೋದ ಜೀವ ಬಂತು.

“ನೋಡಿ ಅತ್ತೆ, ನಿಮ್ಮದು ಏನೂ ಆಗ್ಲಿಲ್ಲ! ನಾನೇ ಮಾಡಿದ್ದು!”

“ಅದನ್ನ ನಿನ್ನೆ ಬಿಚ್ಚಿ ಗಟ್ಟಿ ದಾರಕ್ಕೆ ಪೋಣಿಸ್ಕೊಂಡೆ ಮಾರಾಯ್ತಿ. ಅಂಗಡಿ ದಾರ ಬರೇ ಮಾರೂಕೆ ಕಟ್ಟಿದ್ದು, ಹಾಕೂಕೆ ಅಲ್ಲ.”

“ನಿಮಗೆ ಹೇಗೆ ಗೊತ್ತು?”

“ನಿನ್ನ ಗಂಡನ್ನ ಸೊಂಟದ ಮೇಲೆ ಕೂರಿಸ್ಕೊಂಡು ಆ ಅಂಗಡಿಗೆ ಹೋಗ್ತಿದ್ದೆ.”

“ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?”

“ನೀ ಅಷ್ಟು ಖುಷಿಲಿ ಇದ್ದೆ. ಎಂತಕ್ಕೆ ಹೇಳೂದು ಅಂತ ಸುಮ್ನಾದೆ.”

ಹೇಳದಿದ್ದುದಕ್ಕೆ ಅವರ ಮೇಲೆ ಪ್ರೀತಿಯೇ ಉಕ್ಕಿತು. ಒಂದು ವಿಷಯ ಮಾತ್ರ ತಡವಾಗಿ ಹೊಳೆಯಿತು. ಬೆಳಿಗ್ಗೆ ಅವರು ‘ಚಲೋ ಕಾಣ್ತದೆ’ ಅಂದದ್ದು ತಾವು ಪೋಣಿಸಿದ ಸರಕ್ಕೆ!