ದಿನಾ ಬೆಳಿಗ್ಗೆ ಜನವರಿ ಒಂದು

ಕಾರಣ ಹೇಳದೆ ಯಾರಾದರೂ ಒಂದು ಕೆಲಸ ಮಾಡು ಅಂದರೆ, ಮಾಡದೇ ಇರುವುದು ನನ್ನ ವ್ರತ. ವ್ರತ ಅನ್ನುವ ಶಬ್ದ ನನ್ನಂಥವನ ಬಾಯಿಗೆ ಹೊಂದುವುದಿಲ್ಲ, ಇರಲಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಸ್ಟೀಲ್ ಲೋಟಗಳು ಮನೆಯಲ್ಲಿವೆ. ಅವ್ವ ಅವುಗಳಲ್ಲಿ ಮಜ್ಜಿಗೆ ಕೊಡುತ್ತಾಳೆ. ‘ಹಳೆಯ ಕಾಲವೇ ಚಂದ’ ಎಂಬ ವಿಷಯವನ್ನು ವಿರೋಧಿಸಿ ಗೆದ್ದದ್ದು ಎಲ್ಲಕ್ಕಿಂತ ದೊಡ್ಡ ಲೋಟ. ಈ ವಾದದ ಚಟ ಹತ್ತಿದ್ದು ನಮ್ಮೂರು ತಂಬೂರಿನಲ್ಲಿ, ಮೂರನೇ ಕ್ಲಾಸಿನಲ್ಲಿದ್ದಾಗ. ದೆವ್ವ ಇಲ್ಲವೇ ಇಲ್ಲ ಎಂದು ಆಯಿಯ ಎದುರು, ಅಂದರೆ ನಮ್ಮಜ್ಜಿಯ ಎದುರು, ಸೊಂಟಕ್ಕೆ ಕೈಯಿಟ್ಟು ನಿಂತಿದ್ದೆ. “ಹೌದಲ್ಲ? ಹಂಗಾರ ಹುಣಸಿ ಗಿಡದ ಬುಡಕ ಈ ಚರಿಗಿ ಇಟ್ಟು ಬಾ ನೋಡೂಣು” ಅಂದಳು ಆಯಿ. ವಾದ ನಾನೇ ಗೆದ್ದೆ. ಚರಿಗೆ ಮಾತ್ರ ಮನೆಯಲ್ಲೇ ಉಳಿಯಿತು.

ಈಗ ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೇನೆ. ನನ್ನ ಪಾಲಿಗೆ ಬಂದದ್ದು ಆ ಕಚೇರಿಯ ಮೊಟ್ಟಮೊದಲ ಕಂಪ್ಯೂಟರ್. ಅದನ್ನು ಎಷ್ಟೋ ವರ್ಷಗಳ ಹಿಂದೆ ಹುಬ್ಬಳ್ಳಿಯಿಂದ ತಂದವರು ನಮ್ಮ ಹೆಡ್ ಕ್ಲಾರ್ಕ್ ಶಾಂತಕ್ಕ. ಡಬ್ಬಿ ಕಾಲ ಬುಡದಲ್ಲಿ, ಪರದೆ ತೊಡೆಯ ಮೇಲೆ, ಬಸ್ಸಿನಲ್ಲಿ. ಕಂಡಕ್ಟರ್ ಅದಕ್ಕೂ ಅರ್ಧ ಟಿಕೆಟ್ ಹರಿದು, “ಅಕ್ಕಾರ, ಊರು ಮುಟ್ಟಿದ ಕೂಡಲೇ ಇದಕ್ಕೊಂದು ಬಣ್ಣದ ತೊಟ್ಟಲಾ ಮಾಡಸ್ರಿ” ಅಂದಿದ್ದನಂತೆ. ಅದನ್ನು ನನಗೆ ಒಪ್ಪಿಸುವಾಗ ಶಾಂತಕ್ಕ ಹೇಳಿದರು: “ದಿನಾ ಮುಂಜಾನೆ ಮೊದಲ ತಾರೀಖ ತಿದ್ದು. ಮುಂದಿಂದು ಆಮ್ಯಾಲೆ.”

“ಯಾಕ್ರಿ ಅಕ್ಕಾರ?”

“ಯಾಕ ಅಂತ ಕೇಳಬ್ಯಾಡೋ ತಮ್ಮಾ. ನನಗೂ ಗೊತ್ತಿಲ್ಲ. ತಿದ್ದಿದ್ರ ನಡೀತೈತಿ.”

ಪರದೆಯ ಮೇಲೆ ಆಯುಧಪೂಜೆಯ ಒಣಗಿದ ನಿಂಬೆಹಣ್ಣು ತೂಗುತ್ತಿತ್ತು. ಶಾಂತಕ್ಕನ ತಾರೀಖನ್ನೂ ಅದರ ಸಾಲಿಗೇ ಸೇರಿಸಿದೆ. ತಿದ್ದಲಿಲ್ಲ.

ಮರುದಿನದಿಂದ ಸರ್ವರ್ ಸಿಗುವುದು ನಿಂತಿತು. ವೈರು ಕಿತ್ತು ಮತ್ತೆ ಸಿಕ್ಕಿಸಿದೆ, ಊದಿದೆ, ಆರಿಸಿ ಹಚ್ಚಿದೆ, ಬೈದೆ. ಬಾಜೂಕಿನ ಕಂಪ್ಯೂಟರುಗಳು ಸುಖವಾಗಿದ್ದವು. ಮುನಿಸು ನನ್ನದಕ್ಕೆ ಮಾತ್ರ. ಹುಬ್ಬಳ್ಳಿಯ ಮುಖ್ಯ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನಿಗೆ ಫೋನು ಮಾಡಿ, ಈ ಯಂತ್ರ ಮುದಿಯಾಗಿದೆ, ಹಳೆಯದೆಂಬ ಮಮಕಾರ ಆಡಳಿತಕ್ಕೆ ಮಾರಕ ಎಂದು ಲೋಟ ಗೆದ್ದ ಭಾಷಣವನ್ನೇ ಒಪ್ಪಿಸಿದೆ. ಅವನು ಸೋತ. “ಆತ್ರಿ ಸರ, ಶನಿವಾರ ಜೀಪ್ ಕಳಸ್ತೀನಿ. ಗುಜರಿಗೆ ಹಾಕಿಬಿಡೂಣು.”

ಗೆದ್ದ ಸುದ್ದಿ ಹೇಳಿದೆ. ಶಾಂತಕ್ಕ ಎದುರಾಡಲಿಲ್ಲ. ಎದ್ದು ಬಂದು ಸೆರಗಿನಿಂದ ಪರದೆ ಒರೆಸಿದರು. ಊರಿಗೆ ಹೊರಟ ಮಗುವಿನ ಮುಖ ಒರೆಸುವ ಹಾಗೆ. ಪ್ರತಿವಾದ ಮಾಡದ ಎದುರಾಳಿಯನ್ನು ಏನು ಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿರಲಿಲ್ಲ.

ಶುಕ್ರವಾರ ನಾನೇ ಮತ್ತೆ ಫೋನು ಹಚ್ಚಿದೆ. “ಉಳಿಸಾಕ ಏನರ ಹಾದಿ ಐತೇನ್ರಿ?”

“ಮೊನ್ನೆ ಕೊಲ್ಲಾಕ ಹೊಂಟಿದ್ರಿ!” ನಕ್ಕ ಅವನು. “ಪರದೆ ಮೂಲ್ಯಾಗ ತಾರೀಖ ಏನೈತಿ, ಓದ್ರಿ.”

ಓದಿದೆ. ಜನವರಿ ಒಂದು. ವರ್ಷ ಮಾತ್ರ ನಾನು ಮೂರನೇ ಕ್ಲಾಸಿನಲ್ಲಿದ್ದಾಗಿನದು.

“ಒಳಗಿನ ಸೆಲ್ ಸತ್ತೈತ್ರಿ. ಸಂಜಿಗೆ ಮೇನ್ ಆರಿಸಿದ್ರ ತಾರೀಖ ಮರೀತೈತಿ. ತಾರೀಖ ಕೂಡಲಿಲ್ಲಂದ್ರ ಸರ್ವರ್ ಒಳಗ ಬಿಡಂಗಿಲ್ಲ. ಈಗ ತಿದ್ರಿ, ಆಮ್ಯಾಲೆ ಹೊಸಾ ಸೆಲ್ ಹಾಕ್ರಿ, ಕಾಯಂ ಸರಿ ಆಗತೈತಿ.”

ವರ್ಷವನ್ನು ಒಂದೊಂದಾಗಿ ಏರಿಸತೊಡಗಿದೆ. ಶಾಂತಕ್ಕ ಕುರ್ಚಿ ಎಳೆದುಕೊಂಡು ಬಾಜು ಕುಳಿತರು. “ತಡಿಯೋ, ಇದ ನೋಡು, ನಾ ಇದನ್ನ ತಂದ ವರ್ಷ... ಇದು ಮಂಗ್ಯಾ ಬಂದು ಹಂಚು ಒಡದ ವರ್ಷ. ಸಾಹೇಬ್ರು ಛತ್ರಿ ಹಿಡಕೊಂಡು ಸಹಿ ಮಾಡ್ಯಾರ!” ನಾನೂ ಆ ವರ್ಷಗಳಲ್ಲೇ ಇದ್ದೆ. ತಂಬೂರಿನ ಕಟ್ಟೆಯ ಮೇಲೆ ಆಯಿ ಶೇಂಗಾ ಸುಲಿಯುತ್ತ, “ವಕೀಲಾ, ಚರಿಗಿ ಎಲ್ಲೈತೋ?” ಎಂದು ಕೆಣಕುತ್ತಿದ್ದಳು. ಒಂದು ವರ್ಷಕ್ಕೆ ಬಂದಾಗ ಬೆರಳು ನಿಂತಿತು. ಮುಂದಿನದರಲ್ಲಿ ಆಯಿ ಇಲ್ಲ. ಶಾಂತಕ್ಕ ಕುರ್ಚಿಯನ್ನು ಇನ್ನಷ್ಟು ಹತ್ತಿರ ಸರಿಸಿದರು. “ಒತ್ತು ತಮ್ಮಾ” ಅಂದರು. ಒತ್ತಿದೆ. ಇವತ್ತಿಗೆ ಬಂದು ಮುಟ್ಟಿದೊಡನೆ ಸರ್ವರ್ ಬಾಗಿಲು ತೆರೆಯಿತು. ಶನಿವಾರದ ಜೀಪು ಕಾಲು ಮುರಿದ ಎರಡು ಕುರ್ಚಿ ಹೇರಿಕೊಂಡು ಹೋಯಿತು.

ಸೆಲ್ ಅವತ್ತೇ ತಂದೆ. ಇಂದಿಗೂ ಕಾಗದ ಬಿಚ್ಚದೆ ಮೇಜಿನ ಡ್ರಾದಲ್ಲಿದೆ. ದಿನಾ ಬೆಳಿಗ್ಗೆ ಯಂತ್ರ ಮೂರನೇ ಕ್ಲಾಸಿನಲ್ಲಿ ಏಳುತ್ತದೆ, ನಾನು ಒಂದೊಂದೇ ವರ್ಷ ಏರಿಸಿ ಅದನ್ನು ಕೆಲಸಕ್ಕೆ ಕರೆತರುತ್ತೇನೆ. ಮೊನ್ನೆ ಡ್ರಾ ತೆಗೆದಾಗ ಶಾಂತಕ್ಕನ ಕಣ್ಣಿಗೆ ಬಿತ್ತು.

“ಸೆಲ್ ತಂದು ಇಟ್ಟೀ, ಯಾಕ ಹಾಕಿಲ್ಲೋ?”

ಲೋಟ ಗೆದ್ದ ನಾನು ಡ್ರಾ ಮೆಲ್ಲಗೆ ಮುಚ್ಚಿದೆ. “ಯಾಕ ಅಂತ ಕೇಳಬ್ಯಾಡ್ರಿ ಅಕ್ಕಾರ” ಅಂದೆ.