ವಾಣಕ್ಕ ಹೋದ ಹಲ್ಲಿನ ಡಬ್ಬಿ

ನನ್ನ ಮುಂದಿನ ಎರಡು ಹಲ್ಲಿಗೆ ಹುಟ್ಟಾ ವೈರ. ಒಂದು ಹೊರಗ ನೋಡ್ತದ, ಇನ್ನೊಂದು ಅದಕ್ಕ ಬೆನ್ನು ತಿರುಗಿಸಿ ನಿಂತದ. ಹಿಂಗಾಗಿ ನನ್ನ ಮದುವಿ ಆಲ್ಬಮ್ ಪೂರಾ ಬಾಯಿ ಮುಚ್ಚಿಕೊಂಡೇ ನಿಂತೇನಿ. ಗಂಡಿನ ಕಡೆಯವರು 'ಹುಡುಗಿ ಭಾಳ ಗಂಭೀರ' ಅಂದ್ರಂತ!

ಮೇ ತಿಂಗಳದಾಗ ಹುಬ್ಬಳ್ಳ್ಯಾಗ ತಮ್ಮನ ಮದುವಿ. ಅಲ್ಲಿ ಒಂದು ಫೋಟೋದಾಗರೆ ಬಾಯಿ ತುಂಬ ನಗಬೇಕು ಅಂತ ನನ್ನ ಕನಸು. ನಾಗಪುರದ ಚಳಿಗಾಲದ ಬಿಸಿಲಿಗೆ ಸಂತ್ರಾ ಹಣ್ಣು ಸುಲ್ಕೋತ ಕೂತು ಆ ಫೋಟೋ ಮನಸಿನಾಗ ಎಷ್ಟೋ ಸಲ ನೋಡಿಬಿಟ್ಟಿದ್ದೆ.

ಹಲ್ಲಿನ ಡಾಕ್ಟರು ಎರಡು ದಾರಿ ಹೇಳಿದ್ರು. ತಂತಿ ಕಟ್ಟಿಸೋದು, ಇಲ್ಲಾ ಹೊಸದಾಗಿ ಬಂದ ಅಲೈನರ್ ಹಾಕೋದು. ಇದು ಗಾಜಿನಂಥ ಪ್ಲಾಸ್ಟಿಕ್ ಕವಚ, ಹಾಕಿದ್ದು ಯಾರಿಗೂ ಕಾಣೂದಿಲ್ಲ, ತಿನ್ನೋ ಮುಂದ ತೆಗೀಬೇಕು.

"ತಂತಿನೇ ಕಟ್ಟಿಸ್ಕೋ. ನೀ ತೆಗೆದಿಟ್ಟ ಸಾಮಾನು ಯಾವತ್ತರೆ ಸಿಕ್ಕದೇನು?" ಅಂದ್ರು ನಮ್ಮನಿಯವರು.

"ನಲವತ್ತರ ಹೆಂಗಸು ತಂತಿ ಕಟ್ಟಿಕೊಂಡ್ರ ಕಾಲನಿ ಮಂದಿ ನಗೂದಿಲ್ಲೇನ್ರಿ?" ಅಂತ ಅಲೈನರ್ ಪರ ಸರ್ವಾನುಮತದ ಠರಾವು ಪಾಸು ಮಾಡಿದೆ. ಮತ ಒಂದೇ, ನಂದು!

ಎರಡು ತಿಂಗಳು ಗುಟ್ಟು ಬರೋಬರ್ ನಡೀತು. ಬಂತು ಸಂಕ್ರಾಂತಿ! ಬಾಜೂಮನಿ ಜೋಶಿ ಕಾಕೂ ಅರಿಷಿಣ-ಕುಂಕುಮಕ್ಕ ಕರೆದ್ರು. ಎಳ್ಳುಂಡಿ ಬ್ಯಾಡ ಅನ್ನೂ ಹಂಗಿಲ್ಲ. ಗ್ವಾಡಿ ಕಡೆ ತಿರುಗಿ ಅಲೈನರ್ ತೆಗೆದು, ಅದರ ಗುಲಾಬಿ ಡಬ್ಬಿಯೊಳಗ ಹಾಕಿ, ಮೇಜಿನ ಮ್ಯಾಲೆ ಇಟ್ಟೆ. ಎಳ್ಳುಂಡಿ ಬಾಯಾಗ ಕರಗ್ತಿತ್ತು. ನಾ ಕಣ್ಣು ಮುಚ್ಚಿ ಹುಬ್ಬಳ್ಳಿ ಮಂಟಪದಾಗ ನಗ್ತಿದ್ದೆ. ಕಣ್ಣು ತೆಗೆದ್ರ ಡಬ್ಬಿ ಇಲ್ಲ!

ಈ ಕಡೆ ಕುಂಕುಮಕ್ಕ ಬಂದವರಿಗೆ ಸಣ್ಣದೊಂದು ಉಡುಗೊರೆ ಕೊಡ್ತಾರ, ಅದಕ್ಕ ವಾಣ ಅಂತಾರ. ಕಾಕೂ ಆ ವರ್ಷ ತಂದದ್ದು ಥೇಟ್ ನನ್ನದರಂಥಾ ಪ್ಲಾಸ್ಟಿಕ್ ಡಬ್ಬಿ. ಅದೇ ಮೇಜಿನ ಮ್ಯಾಲಿಂದ ಎತ್ತಿ ಎತ್ತಿ ಹಂಚಿಬಿಟ್ಟಿದ್ರು.

"ಕಾಕೂ, ಮಾಝೇ... ದಾತ್," ಅಂದೆ ಮೆಲ್ಲಕ. ನನ್ನ ಹಲ್ಲು ಅಂತ.

"ದಾತ್?" ಅಂತ ಕಾಕೂ ಕೂಗಿದ್ದು ಇತವಾರಿ ಬಜಾರದ ತನಕ ಕೇಳಿರಬೇಕು! ಹನ್ನೆರಡು ಹೆಂಗಸರು ಹನ್ನೆರಡು ಡಬ್ಬಿ ತೆಗೆದು ನೋಡಿದ್ರು. ಹದಿಮೂರನೇದು ಮೂಲ್ಯಾಗ ಕೂತ ಕಾಲನಿಯ ಮುದುಕಿ ಆಜಿ ಕೈಯಾಗ ಇತ್ತು, ಖಾಲಿ. ಬಾಯಾಗ ಒಂದೂ ಹಲ್ಲಿಲ್ಲದ ಆಜಿ ನನ್ನ ಅಲೈನರ್ ವಸಡಿಗೆ ಹಾಕ್ಕೊಂಡು ನೋಡ್ಲಿಕ್ಕೆ ಹತ್ತಿದ್ರು!

"ಛಾನ್ ಆಹೇ, ಪಣ ಥೋಡಾ ಲಹಾನ್," ಅಂದ್ರು. ಛಲೋ ಅದ, ಸ್ವಲ್ಪ ಸಣ್ಣದಾತಂತ! ಬಾಯಿಂದ ಹೊರಗ ಎಳಿಯೋದರಾಗ ಅಲೈನರ್ ಎರಡು ತುಂಡಾತು.

ನನ್ನ ಕನಸು ಮುರಿದು ಕೈಗೆ ಬಂದಿತ್ತು, ಅಳು ಬಂತು ಖರೆ. ಆದ್ರ ಆಜಿ ಮಾರಿ ನೋಡಿ ನಗು ತಡೀಲಿಕ್ಕೆ ಆಗಲಿಲ್ಲ. ಎಲ್ಲಾರೂ ನಕ್ಕರು, ಎಲ್ಲಾರಕಿಂತ ಜೋರು ನಾನೇ ನಕ್ಕೆ. ಅದೇ ಹೊತ್ತಿಗೆ ಕಾಕೂನ ಸೊಸಿ ಕ್ಯಾಮೆರಾ ಒತ್ತಿದಳು.

ಗುಟ್ಟು ಹೆಂಗೂ ಬಯಲಾಗಿತ್ತು, ಕಡೀಕೆ ತಂತಿನೇ ಕಟ್ಟಿಸ್ಕೊಂಡೆ. ತಮ್ಮನ ಮದುವ್ಯಾಗ ಮತ್ತ ಬಾಯಿ ಮುಚ್ಚಿಕೊಂಡೇ ನಿಂತೆ. ಆದ್ರ ಕಾಕೂನ ಮನಿಯ ಫೋಟೋಕ್ಕ ಚೌಕಟ್ಟು ಹಾಕ್ಸೇನಿ. ಥೇಟ್ ನನ್ನ ಕನಸಿನ ನಗು, ಬಾಯಿ ತುಂಬ! ನಮ್ಮನಿಯವರು ಚಷ್ಮಾ ಹಾಕ್ಕೊಂಡು ಭಾಳ ಹೊತ್ತು ನೋಡಿದ್ರು.

"ಭಾಳ ಛಂದ ಬಂದೀ," ಅಂದ್ರು. "ಆದ್ರ ಹಲ್ಲಿನ ಸಂದ್ಯಾಗ ಎಳ್ಳು ಸಿಕ್ಕೊಂಡದ."